ಹಂಸ ದೋಣಿಯಲ್ಲ

ಅಪ್ಪನಿಗೆ ಹಾಲು-ತುಪ್ಪ ಬಿಟ್ಟು ಬಂದ ಮಾರನೆಯ ಬೆಳಿಗ್ಗೆ ಪಟ್ಟಣ ಪಂಚಾಯ್ತಿಯಿಂದ ಒಬ್ಬರು ಬಂದು ನಮ್ಮ ಕಡವಿನ, ಎಂದರೆ ದೋಣಿಯಲ್ಲಿ ಜನ ದಾಟಿಸುವ ಜಾಗದ, ಫೋಟೊ ತೆಗೆದುಕೊಂಡು ಹೋದರು. ದಡದ ಮೇಲೆ ನಮ್ಮ ದೋಣಿಗಳೆಲ್ಲ ಬೋರಲು ಬಿದ್ದಿದ್ದವು. 'ಸದರಿ ಕಡವು ಬಳಕೆಯಲ್ಲಿಲ್ಲ. ದೋಣಿಗಳನ್ನು ಮಗುಚಿ ಹಾಕಲಾಗಿದೆ' ಎಂದು ಅವರು ವರದಿ ಬರೆದರು. ಎರಡನೆಯ ವಾಕ್ಯ ನಿಜ. ಮೊದಲನೆಯದು ಸುಳ್ಳು.

ಯಾವ ಊರಿನ ಪಂಚಾಯ್ತಿ ಎಂದು ಬರೆಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಕಡೆಯ ಯಾವ ಕಚೇರಿಯವರು ಓದಿದರೂ ಇದು ಪಕ್ಕದ ತಾಲ್ಲೂಕಿನ ಕಥೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಹಿನ್ನೀರು ನಮ್ಮೂರ ಅಂಚಿಗೆ ಉದ್ದನೆಯ ನಾಲಿಗೆಯ ಹಾಗೆ ಚಾಚಿಕೊಂಡಿದೆ. ಈಚೆ ದಡದಲ್ಲಿ ಊರು, ಬಸ್ಸು, ಸಂತೆ, ಆಸ್ಪತ್ರೆ. ಆಚೆ ದಡದಲ್ಲಿ ಕಾಡಿಗೆ ಒತ್ತಿಕೊಂಡ ಒಂದು ಹಾಡಿ, ಆದಿವಾಸಿಗಳ ಕೇರಿ. ಹಾಡಿಯವರು ಬೆಳಗಾಗುವ ಮೊದಲು ಈಚೆಗೆ ಬಂದರೆ ಕೊಡಗಿನ ಕಾಫಿ ತೋಟಕ್ಕೆ ಹೋಗುವ ಜೀಪು ಸಿಗುತ್ತದೆ, ಅವತ್ತಿನ ಕೂಲಿ ಸಿಗುತ್ತದೆ. ದೋಣಿ ಇಲ್ಲದಿದ್ದರೆ ಸೇತುವೆಯವರೆಗೆ ನಡೆದು ಸುತ್ತಿ ಬರಬೇಕು. ಅಷ್ಟು ಹೊತ್ತಿಗೆ ಜೀಪು ಹೊರಟುಹೋಗಿರುತ್ತದೆ. ನೀರು ಒಂದು ಇಲಾಖೆಯದು, ದಡ ಪಟ್ಟಣ ಪಂಚಾಯ್ತಿಯದು. ದಡ ಅಂದರೆ ಕಲ್ಲಿನ ಮೆಟ್ಟಿಲು, ತಗಡಿನ ಶೆಡ್ಡು, ದೋಣಿ ಕಟ್ಟುವ ಕಬ್ಬಿಣದ ಗೂಟಗಳು. ಇವಿಷ್ಟನ್ನು ನಮ್ಮ ಅಪ್ಪ ಗುತ್ತಿಗೆಗೆ ಹಿಡಿದಿದ್ದರು. ಅವಧಿ ಮುಗಿದಿತ್ತು. ಮುಂದುವರಿಸಿಕೊಡಿ ಎಂದು ಹಾಸಿಗೆ ಹಿಡಿಯುವ ಮೊದಲೇ ಅರ್ಜಿ ಕೊಟ್ಟಿದ್ದರು. ಉತ್ತರ ಬರುವ ಮೊದಲು ಹೋದರು.

ನಮ್ಮ ಮನೆಯಲ್ಲಿ ಯಾರಾದರೂ ಸತ್ತರೆ ತಿಥಿಯವರೆಗೆ ದೋಣಿಗಳನ್ನು ಬೋರಲು ಹಾಕುತ್ತೇವೆ. ಇದನ್ನು ಯಾರು ಶುರುಮಾಡಿದರು, ಯಾಕೆ, ಎಂದು ಕೇಳಿದರೆ ನನ್ನ ಹತ್ತಿರ ಚೆಂದದ ಉತ್ತರವಿಲ್ಲ. ಒಂದನ್ನು ಹೆಣೆಯಬಹುದು, ಓದುಗರು ನಂಬುತ್ತಾರೆ. ಹೆಣೆಯುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಟಾರು ಬಳಿದ ಕಪ್ಪು ಹೊಟ್ಟೆಗಳು ಆಕಾಶ ನೋಡುತ್ತಾ ಮಲಗಿರುವುದನ್ನು ಕಂಡರೆ ಆಚೆ ದಡದವರು ಓಹೋಯ್ ಎಂದು ಕೂಗುವುದಿಲ್ಲ. ಸುಮ್ಮನೆ ತಿರುಗಿ ಸೇತುವೆಯ ಕಡೆ ನಡೆಯುತ್ತಾರೆ.

ಹಿಂದಿನ ದಿನ ಕಚೇರಿಯಿಂದ ಫೋನು ಬಂದಿತ್ತು. ನಾಳೆ ಸ್ಥಳ ಪರಿಶೀಲನೆ ಇದೆ ಎಂದರು. ಫೋನು ಹಿಡಿದಿದ್ದು ಚಿಕ್ಕಪ್ಪ.

"ಬನ್ನಿ ಸಾ, ಎಲ್ಲ ಅಂಗೇ ಅದೆ, ನೋಡ್ಕೊಂಡು ಓಗಿ," ಎಂದಿದ್ದ.

ಬಂದ ಮನುಷ್ಯ ಪಿರಿಯಾಪಟ್ಟಣದ ಕಡೆಯವರು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ನಿಲ್ಲಿಸಿದ್ದರೆ ಬರೀ ಮೂಗಿನಿಂದ ಸೊಪ್ಪಿನ ಹದ ಹೇಳಿಬಿಡುತ್ತಿದ್ದರೇನೋ. ನೀರಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಕುಡಿಯಲು ನೀರು ಕೇಳಿದರು. "ಸೂತಕದ ಮನೆ ಸಾ," ಎಂದ ಚಿಕ್ಕಪ್ಪ. ಅವರು "ಓ, ಹೌದಾ, ಪಾಪ" ಎಂದರು, ನಾಲ್ಕು ಕಡೆಯಿಂದ ಫೋಟೊ ಹೊಡೆದರು, ಸ್ಕೂಟರ್ ಹತ್ತಿದರು. ಮನೆಯಲ್ಲಿ ಸಾವಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ದೋಣಿ ಬೋರಲು ಬಿದ್ದಿರುವುದು ಅದಕ್ಕೇ ಎಂದು ನಾವು ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದೇ ನಮಗೆ ಹೊಳೆಯಲಿಲ್ಲ. ಹೆಣದ ಪಕ್ಕ ನಿಂತುಕೊಂಡು, ನೋಡಿ ಇವರು ಸತ್ತಿದ್ದಾರೆ ಎಂದು ಯಾರಾದರೂ ವಿವರಿಸುತ್ತಾರೆಯೇ? ಇಂಥ ತಪ್ಪನ್ನು ನಮ್ಮಂಥವರು ಮಾತ್ರ ಮಾಡುತ್ತಾರೆ. ಊರೆಲ್ಲ ಓದಬಲ್ಲದ್ದನ್ನು ಸರ್ಕಾರವೂ ಓದಬಲ್ಲದು ಅಂದುಕೊಳ್ಳುವ ತಪ್ಪು.

ಮುಖ್ಯಾಧಿಕಾರಿ ನನ್ನನ್ನು ಬರಹೇಳಿದರು. ನಾನು ಕೆ.ಆರ್. ನಗರದ ಒಂದು ಶಾಲೆಯಲ್ಲಿ ಪಾಠ ಹೇಳುವವಳು, ಮನೆಯಲ್ಲಿ ಕಚೇರಿ ಮಾತು ಬರುವುದು ನನಗೆ ಎಂದು ಎಲ್ಲರ ನಂಬಿಕೆ. ಹೋದೆ.

ನೆನಪು ಆ ಕೋಣೆಯಲ್ಲಿ ನನಗೊಂದು ಕುರ್ಚಿ ಹಾಕಿಕೊಡುತ್ತದೆ. ಎದುರಿಗೆ ಒಬ್ಬ ದಪ್ಪ ಮನುಷ್ಯನನ್ನು ಕೂರಿಸುತ್ತದೆ, ಬಾಯಲ್ಲಿ ಎಲೆಅಡಿಕೆ ತುಂಬಿಸುತ್ತದೆ. ಸುಳ್ಳು. ನನಗೆ ಯಾರೂ ಕುರ್ಚಿ ಹಾಕಲಿಲ್ಲ. ಅಧಿಕಾರಿ ತೆಳ್ಳಗಿದ್ದರು, ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುತ್ತಿದ್ದರು. ಸಿಟ್ಟು ಮಾಡಿಕೊಳ್ಳಲು ಅನುಕೂಲವಾದ ಮುಖವೇ ಅಲ್ಲ. ಅದಕ್ಕೇ ನನ್ನ ತಲೆ ಬೇರೆ ಮುಖ ತಂದು ಅಂಟಿಸುತ್ತಿರುತ್ತದೆ.

"ನೋಡಿ ಮೇಡಂ, ನಾನು ನಿಮ್ಮ ಪರ," ಎಂದರು. "ಆದ್ರೆ ಕರಾರಲ್ಲಿ ಸ್ಪಷ್ಟವಾಗಿದೆ. ಜಾಗ ಬಳಕೆಯಲ್ಲಿ ಇಲ್ಲ ಅಂದ್ರೆ ಗುತ್ತಿಗೆ ಮುಂದುವರಿಸೋ ಹಾಗಿಲ್ಲ. ಶುಕ್ರವಾರ ಮೀಟಿಂಗಲ್ಲಿ ಈ ವಿಷಯ ಬರುತ್ತೆ."

"ಬಳಕೆಯಲ್ಲಿದೆ ಸಾರ್. ನಮ್ಮ ತಂದೆ ತೀರ್ಕೊಂಡಿದ್ದಾರೆ, ಅದಕ್ಕೆ ಮಗುಚಿದ್ದೀವಿ."

"ಅದು ನಿಮ್ಮ ಸಂಪ್ರದಾಯ, ನಾನು ಗೌರವಿಸ್ತೀನಿ. ಫೈಲಲ್ಲಿ ಸಂಪ್ರದಾಯ ಬರಲ್ಲವಲ್ಲ. ಫೋಟೊ ಬರುತ್ತೆ." ದನಿ ತಗ್ಗಿಸಿದರು. "ಇನ್ನೊಂದು ಪಾರ್ಟಿ ಆ ಜಾಗ ಕೇಳ್ತಿದೆ. ಸ್ಪೀಡ್ ಬೋಟು, ಕೆಫೆ, ಸೆಲ್ಫಿ ಪಾಯಿಂಟು ಎಲ್ಲ ಮಾಡ್ತಾರಂತೆ. ಮೆಂಬರ್ ಕಡೆಯವರು. ನಾನೇನು ಮಾಡ್ಲಿ ಹೇಳಿ. ನೀವು ಒಂದು ಕೆಲಸ ಮಾಡಿ, ಒಂದು ಹೊಸ ಫೋಟೊ ಕೊಡಿ. ದೋಣಿ ನೀರಲ್ಲಿರ್ಬೇಕು, ಅದರಲ್ಲಿ ಜನ ಕೂತಿರ್ಬೇಕು. ಸಾಕು."

"ತಿಥಿ ಭಾನುವಾರ ಸಾರ್."

"ಮೂರ್ನಾಲ್ಕು ದಿನ ಮುಂಚೆ ಮಾಡ್ಬಿಡಿ. ಈಗ ಬೆಂಗಳೂರಲ್ಲೆಲ್ಲ ಮೂರೇ ದಿನಕ್ಕೆ ಮುಗಿಸ್ತಾರೆ."

ಇಲ್ಲಿ ನನ್ನ ನೆನಪು ನನಗೊಂದು ಭಾಷಣ ಕೊಡುತ್ತದೆ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಪಾಠದ ನಡುವೆ, ಅದನ್ನು ತಿದ್ದಿ ತಿದ್ದಿ ಈಗ ತುಂಬಾ ಒಳ್ಳೆಯ ಭಾಷಣವಾಗಿದೆ. ನಾನು ನಿಜವಾಗಿ ಹೇಳಿದ್ದು, "ಆಯ್ತು ಸಾರ್, ಮನೇಲಿ ಕೇಳಿ ಹೇಳ್ತೀನಿ." ಹೇಳಿ ಕೈ ಕೂಡ ಮುಗಿದೆ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು ಚಪ್ಪಲಿಯನ್ನು ನೆಲಕ್ಕೆ ಅಪ್ಪಳಿಸಿದೆ. ಅಲ್ಲಿದ್ದ ನಾಯಿ ಎದ್ದು ಹೋಯಿತು. ಅವತ್ತು ನನ್ನ ಸಿಟ್ಟಿಗೆ ಹೆದರಿದ್ದು ಅದೊಂದೇ.

ಮನೆಗೆ ಬಂದು ಹೇಳಿದೆ. ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಪ್ಪನಿಗೆ ಗಂಡುಮಕ್ಕಳಿಲ್ಲದ ಕಾರಣ ಚಿಕ್ಕಪ್ಪನೇ ಕೊಳ್ಳಿ ಇಟ್ಟಿದ್ದ. ಬರಿಮೈ ಮೇಲೆ ಒಂದು ಟವೆಲ್ಲು ಹೊದ್ದು ಕಂಬದ ಹತ್ತಿರ ನಿಂತಿದ್ದ.

"ಎತ್ಬುಡಣ ಕಣತ್ಗೆ," ಎಂದ ಚಿಕ್ಕಪ್ಪ. "ಒಂದೇ ಒಂದ ನೀರಿಗೆ ಬುಡದು, ಫೋಟಾ ಒಡೆಯದು, ತಿರ್ಗಾ ತಂದು ಬೋರ್ಲಾಕದು. ಕಡವೇ ಓದ್ರೆ ತಿಥಿ ಮಾಡಿ ಏನ್ ಬಂತು? ಅಣ್ಣನೇ ಇದ್ದಿದ್ರೂ ಅಂಗೇ ಅಂದಿರದು."

"ನಿಮ್ಮಣ್ಣ ಇದ್ದಿದ್ರೆ ದೋಣಿ ಯಾಕ್ಲಾ ಬೋರ್ಲು ಬಿದ್ದಿರವು?"

ಎತ್ತಿ ಆಡಿಸಿದ ಮೈದುನನಿಗೆ ಮಾತ್ರ ಅವ್ವ ಹೀಗೆ ಮಾತಾಡುತ್ತಾಳೆ. ಚಿಕ್ಕಪ್ಪ ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಮತ್ತೆ ಏನ್ ಮಾಡದು ಏಳು."

"ನಂಗೇನ್ ಗೊತ್ತು? ಓದಿರೋಳು ನಿನ್ ಮಗ್ಳು, ಅವ್ಳ ಕೇಳು."

ನನ್ನನ್ನು ಕೇಳಬೇಡಿ, ನಾನು ಕೈ ಮುಗಿದು ಬಂದಿದ್ದೇನೆ ಎನ್ನಬೇಕೆನಿಸಿತು. ಆ ಹೊತ್ತಿನಲ್ಲಿ ನನಗೆ ಅಧಿಕಾರಿಯ ಮೇಲಿದ್ದಷ್ಟೇ ಸಿಟ್ಟು ಇವರಿಬ್ಬರ ಮೇಲೂ ಇತ್ತು. ಕಡವು ಉಳಿಯಲಿ ಎನ್ನುವ ಚಿಕ್ಕಪ್ಪನ ಮೇಲೆ ಸಿಟ್ಟು, ದೋಣಿ ಮುಟ್ಟಬೇಡ ಎನ್ನುವ ಅವ್ವನ ಮೇಲೆ ಸಿಟ್ಟು. ಇಬ್ಬರೂ ಸರಿ ಎನಿಸುತ್ತಿದ್ದರು. ಅದೇ ತಡೆಯಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಹಾಡಿಯ ಅಜ್ಜಿಯೊಬ್ಬಳು ಬಂದಳು. ಸೇತುವೆ ಸುತ್ತಿ ನಡೆದೇ ಬಂದಿದ್ದಳು, ಸೆರಗಿನಲ್ಲಿ ಒಂದು ಕಟ್ಟು ಸೊಪ್ಪು. ಅಪ್ಪನ ದೋಣಿಯಲ್ಲಿ ಆಕೆ ಹೆರಿಗೆಗೆ ಹೋಗಿದ್ದಳಂತೆ, ಮಗಳನ್ನು ಮದುವೆ ಮಾಡಿ ಕಳಿಸಿದ್ದಳಂತೆ, ಗಂಡನನ್ನು ಆಸ್ಪತ್ರೆಗೆ ಸಾಗಿಸಿದ್ದಳಂತೆ. ಅವಳು ಎಂದೂ ದೋಣಿಯ ಮಧ್ಯದಲ್ಲಿ ಕೂತವಳಲ್ಲ, ಹಿಂದಿನ ತುದಿಯೇ ಆಗಬೇಕು. ಸೊಪ್ಪನ್ನು ಜಗಲಿಯ ತುದಿಯಲ್ಲಿಟ್ಟು ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಕೂಲಿ ಎಂಗವ್ವ ನಿಮ್ಗೆಲ್ಲ?" ಎಂದಳು ಅವ್ವ.

"ಜೀಪು ಸಿಕ್ಕಾಕಿಲ್ಲ. ಬುಡು. ತಿಥಿ ಗಂಟ ಈಚೆ ತೋಟದಲ್ಲೇ ಏನಾರ ಸಿಕ್ಕದಾ ನೋಡ್ತೀವಿ."

ಚಿಕ್ಕಪ್ಪ ಫೋಟೊದ ವಿಷಯ ಹೇಳಿದ. ಅಜ್ಜಿ ನನ್ನ ಮುಖ ನೋಡಿದಳು, ಆಮೇಲೆ ದಡದ ಕಡೆ.

"ದೋಣಿ ಎತ್ಬ್ಯಾಡಿ ಕಣ್ರಪ್ಪಾ," ಎಂದಳು. "ನಾವು ಸುತ್ಕೊಂಡು ಬತ್ತೀವಿ. ಅಣ್ಣಯ್ಯನ್ನ ನೆಟ್ಟಗೆ ಕಳ್ಸಿ."

ಕೂಲಿ ಕಳೆದುಕೊಂಡವಳೇ ಹೀಗಂದ ಮೇಲೆ ಚಿಕ್ಕಪ್ಪ ಕಂಬಕ್ಕೆ ತಲೆ ಒತ್ತಿಕೊಂಡ. ಅವ್ವ ಅವನ ಕಡೆ ತಿರುಗಿದಳು.

"ಆ ಬೊಂಬೆ ಅದಲ್ಲ ಕಣ್ಲಾ."

ಬೊಂಬೆ ಎಂದರೆ ಹಂಸ. ಹಿಂದಿನ ಸಲ ಗುತ್ತಿಗೆ ಮುಂದುವರಿಸುವಾಗ ಪಂಚಾಯ್ತಿಯವರು ಪ್ರವಾಸಿಗರನ್ನು ಸೆಳೆಯಲು ಏನಾದರೂ ಮಾಡಲೇಬೇಕು ಎಂದು ಷರತ್ತು ಹಾಕಿದ್ದರು. ಅಪ್ಪ ಎಲ್ಲೋ ಹೋಗಿ ಒಂದು ಹಳೆಯ ಪೆಡಲ್ ದೋಣಿ ತಂದಿದ್ದರು. ಬಿಳಿ ಫೈಬರ್ ಮೈ, ಉದ್ದ ಕತ್ತು, ಕಿತ್ತಳೆ ಬಣ್ಣದ ಕೊಕ್ಕು, ಒಂದು ಕಣ್ಣಿನ ಬಣ್ಣ ಎದ್ದುಹೋಗಿದೆ. ತಂದ ದಿನ ಅದರ ಸುತ್ತ ಒಂದು ಸುತ್ತು ಬಂದು, "ಉಟ್ಟು ಆಕಂಗಿಲ್ಲ, ಗಳ ಊರಂಗಿಲ್ಲ, ಸೈಕಲ್ ತುಳ್ದಂಗೆ ತುಳೀಬೇಕು. ಇದೂ ಒಂದು ದೋಣಿಯಾ?" ಎಂದಿದ್ದರು. ಭಾನುವಾರ ಬಂದವರಿಗೆ ಅದನ್ನು ಕೊಡುತ್ತಿದ್ದರು, ತಾವು ಒಂದು ದಿನವೂ ಹತ್ತಲಿಲ್ಲ. ಅವರು ಸತ್ತ ದಿನ ದೋಣಿಗಳನ್ನು ಮಗುಚುವಾಗ ಯಾರಿಗೂ ಹಂಸದ ನೆನಪೇ ಬರಲಿಲ್ಲ. ಅದು ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ನೆಟ್ಟಗೆ ಕೂತಿತ್ತು.

"ಅದ್ನ ನಿಮ್ಮಣ್ಣ ಯಾವತ್ತಾರ ದೋಣಿ ಅಂದಿದ್ರಾ?" ಎಂದಳು ಅವ್ವ. "ದೋಣಿಯಾಗಿದ್ರಲ್ವಾ ಅದ್ಕೆ ಸೂತಕ. ಅವ್ರಿಗೆ ಫೋಟಾ ತಾನೇ ಬೇಕಾಗಿರದು? ಒಡ್ಕೊಂಡ್ ಓಗ್ಲಿ ಬುಡು."

ಚಿಕ್ಕಪ್ಪನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ನನಗೂ ಸಮಾಧಾನವೇ ಆಯಿತು. ಅವ್ವನ ಮಾತು ಉಳಿಯಿತು, ಕಡವೂ ಉಳಿಯುತ್ತದೆ ಅಂದುಕೊಂಡೆ. ಕಚೇರಿಗೆ ನಾನೇ ಫೋನು ಮಾಡಿದೆ.

ಗುರುವಾರ ಅದೇ ಪಿರಿಯಾಪಟ್ಟಣದವರು ಸ್ಕೂಟರಿನಲ್ಲಿ ಬಂದರು. ಹಂಸವನ್ನು ಮೆಟ್ಟಿಲ ಹತ್ತಿರ ನೀರಿಗೆ ಬಿಟ್ಟಿದ್ದೆವು. ಕೊಳ್ಳಿ ಇಟ್ಟವನು ತಿಥಿಯವರೆಗೆ ನೀರಿಗೆ ಇಳಿಯುವಂತಿಲ್ಲ, ಹಾಗಾಗಿ ಚಿಕ್ಕಪ್ಪ ದೂರ ನಿಂತ. ಅವ್ವ ದಡಕ್ಕೇ ಬರಲಿಲ್ಲ. ನಾನು ಹತ್ತಿದೆ. ಮಗುಚಿದ ದೋಣಿಗಳ ಸಾಲಿನ ಪಕ್ಕದಿಂದ ಹಾದು, ಅಪ್ಪನ ದೋಣಿಯ ಬೆನ್ನಿಗೆ ಕೈ ತಾಗಿಸಿ, ಹೋಗಿ ಹಂಸದ ಹೊಟ್ಟೆಯೊಳಗೆ ಕೂತೆ.

"ಇಬ್ರು ಇದ್ರೆ ಚೆನ್ನಾಗಿರುತ್ತೆ ಮೇಡಂ," ಎಂದರು ಅವರು. "ಒಬ್ರೇ ಕೂತ್ರೆ ಸಾರ್ವಜನಿಕ ಬಳಕೆ ಅಂತ ಅನ್ಸಲ್ಲ."

ಎರಡನೆಯ ಸಾರ್ವಜನಿಕಳನ್ನು ಎಲ್ಲಿಂದ ತರಲಿ? ಅಜ್ಜಿ ಅವತ್ತೂ ಬಂದಿದ್ದಳು. "ನಂಗೇನು ಸೂತಕ ಇಲ್ಲ, ನಾ ಕುಂತ್ಕತೀನಿ ಬುಡು," ಎಂದು ಸೀರೆ ಎತ್ತಿ ಕಟ್ಟಿ ಹತ್ತಿದಳು. ಅವಳ ಕಾಲು ಪೆಡಲಿಗೆ ಎಟುಕಲಿಲ್ಲ. ನಾನೊಬ್ಬಳೇ ತುಳಿದೆ. ಹಂಸ ಕಿರ್ರೆನ್ನುತ್ತಾ ಹೊರಟಿತು. ಗಾಳಿ ಬೀಸಿದ ಕಡೆಗೆಲ್ಲ ಕತ್ತು ತಿರುಗಿಸುತ್ತಿತ್ತು.

"ಸ್ವಲ್ಪ ನಗಿ ಮೇಡಂ," ದಡದಿಂದ ಕೂಗು.

"ಇಂಗೇ ಆಚೆ ದಡಕ್ಕೆ ಬುಟ್ಬುಡು ಕಣವ್ವ," ಎಂದಳು ಅಜ್ಜಿ ಮೆಲ್ಲಗೆ. "ಸುತ್ಕೊಂಡ್ ಓಗದು ತಪ್ತದೆ."

ಆಗ ಬಂದ ಸಿಟ್ಟು ಹೇಗಿತ್ತೆಂದರೆ ಪೆಡಲು ಮುರಿಯುವ ಹಾಗೆ ತುಳಿದೆ. ಆಚೆ ದಡಕ್ಕೇ ಹೋಗುವುದು ಎಂದು ನಿಶ್ಚಯಿಸಿದೆ. ಹಂಸ ಇದ್ದಲ್ಲಿಯೇ ನೀರು ಕಲಕಿತು, ಗಾಳಿ ಅದನ್ನು ಮೆಟ್ಟಿಲ ಕಡೆಗೇ ತಳ್ಳಿತು. ಜನ ಕೂತು ನಗುವುದಕ್ಕೆ ಮಾಡಿದ್ದು, ದಾಟಿಸುವುದಕ್ಕೆ ಮಾಡಿದ್ದಲ್ಲ.

ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ. ನಕ್ಕ ನೆನಪು ನನಗಿಲ್ಲ. ಹಲ್ಲು ಕಚ್ಚಿದ್ದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ವಾದಿಸಿದ್ದೇನೆ. ಕಡತದಲ್ಲಿರುವ ಹೆಂಗಸು ಮಾತ್ರ ತಂದೆ ಸತ್ತ ವಾರದಲ್ಲಿ ಹಂಸದ ಮೇಲೆ ಕೂತು ಹಲ್ಲು ಬಿಡುತ್ತಿದ್ದಾಳೆ. ಪಕ್ಕದಲ್ಲಿ ಅಜ್ಜಿ, ಶವಯಾತ್ರೆ ನೋಡುವವಳ ಹಾಗೆ ಗಂಭೀರ. ಇಬ್ಬರಲ್ಲಿ ಯಾರ ಅಪ್ಪ ಸತ್ತಿದ್ದು ಎಂದು ಕೇಳಿದರೆ ನೋಡಿದವರು ಅವಳನ್ನೇ ತೋರಿಸುತ್ತಾರೆ.

ಶನಿವಾರ ಕಚೇರಿಗೆ ಹೋದೆ. ಗುತ್ತಿಗೆ ಮುಂದುವರಿದಿತ್ತು. ಅಧಿಕಾರಿ ಈ ಸಲ ಕುರ್ಚಿ ತೋರಿಸಿದರು, ಟೀ ತರಿಸಿದರು. ಆದೇಶ ಓದಿದೆ. 'ಪೆಡಲ್ ದೋಣಿ ವಿಹಾರದ ಉದ್ದೇಶಕ್ಕೆ ಮಾತ್ರ' ಎಂದಿತ್ತು.

"ಸಾರ್, ಇದರಲ್ಲಿ ಜನ ದಾಟಿಸೋದು ಇಲ್ಲ."

"ಫೋಟೊದಲ್ಲಿ ಇದ್ದಿದ್ದು ಅದೇ ಅಲ್ವಾ ಮೇಡಂ? ಬಳಕೆಯಲ್ಲಿರೋದು ಯಾವುದೋ ಅದಕ್ಕೆ ಮಾತ್ರ ಮುಂದುವರಿಸೋದಕ್ಕೆ ಸಭೆ ಒಪ್ತು. ಅದಕ್ಕೂ ಎಷ್ಟು ಕಷ್ಟಪಟ್ಟೆ ಗೊತ್ತಾ ನಾನು."

"ಹಾಡಿಯವರು ಹೇಗೆ ಬರ್ಬೇಕು?"

"ಸೇತುವೆ ಇದೆಯಲ್ಲ."

ಈ ಸಲ ಕೂಗಾಡಿದೆ. ಏನು ಕೂಗಾಡಿದೆ ಎನ್ನುವುದು ಪೂರ್ತಿ ಅಳಿಸಿಹೋಗಿದೆ, ಅದಕ್ಕೇ ಇದೊಂದು ನೆನಪನ್ನು ನಂಬುತ್ತೇನೆ. ಚೆನ್ನಾಗಿ ಮಾತಾಡಿದ್ದರೆ ನೆನಪಿರುತ್ತಿತ್ತು. ಟೀ ಚೆಲ್ಲಿತ್ತು, ಪಕ್ಕದ ಕೋಣೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಅಧಿಕಾರಿ ಮೇಜಿನ ಮೇಲಿನ ಕಾಗದಗಳನ್ನು ನೆನೆಯದಂತೆ ಎತ್ತಿ ಹಿಡಿದುಕೊಂಡು ಅದೇ ಮೆತ್ತಗಿನ ದನಿಯಲ್ಲಿ ಹೇಳುತ್ತಿದ್ದರು: "ತಿದ್ದುಪಡಿಗೆ ಅರ್ಜಿ ಕೊಡಿ ಮೇಡಂ, ಮುಂದಿನ ಮೀಟಿಂಗಲ್ಲಿ ಇಡೋಣ. ಅಲ್ಲೀವರೆಗೆ ಬೇರೆ ದೋಣಿ ನೀರಿಗೆ ಇಳಿಸ್ಬೇಡಿ. ಯಾರಾದ್ರೂ ಫೋಟೊ ತೆಗೆದ್ರೆ ನನಗೆ ಕಷ್ಟ."

ಭಾನುವಾರ ತಿಥಿ ಆಯಿತು. ಊಟ ಮುಗಿದ ಮೇಲೆ ಚಿಕ್ಕಪ್ಪ, ನೆಂಟರು ಸೇರಿ ಅಪ್ಪನ ದೋಣಿಯನ್ನು ಎತ್ತಿ ನೆಟ್ಟಗೆ ಮಾಡಿದರು. ಅದರ ಅಡಿಯಲ್ಲಿ ಹುಲ್ಲು ಬೆಳ್ಳಗೆ ಬಿಳಿಚಿಕೊಂಡಿತ್ತು. ಆಚೆ ದಡದಿಂದ ನೋಡುತ್ತಿದ್ದರೆಂದು ಕಾಣುತ್ತದೆ, ದೋಣಿ ನೀರು ಮುಟ್ಟುವ ಮೊದಲೇ ಕೂಗು ಬಂತು. ಓಹೋಯ್.

ನಾನು ಆದೇಶದ ವಿಷಯ ಹಿಂದಿನ ಸಂಜೆಯೇ ಹೇಳಿದ್ದೆ. ಮತ್ತೆ ಹೇಳಿದೆ. "ಚಿಕ್ಕಪ್ಪ, ಇಳಿಸೋ ಹಾಗಿಲ್ಲ. ಇದೇ ನೆಪ ಮಾಡ್ಕೊಂಡು ಎಲ್ಲ ಕಿತ್ಕೋತಾರೆ."

"ಬೊಂಬೆ ಬುಡ್ಬವ್ದು ತಾನೇ?"

"ಅದೊಂದೇ."

ಚಿಕ್ಕಪ್ಪ ಶೆಡ್ಡಿನಿಂದ ಹಗ್ಗ ತಂದ. ಹಂಸದ ಕತ್ತಿಗೆ ಒಂದು ಗಂಟು, ಅಪ್ಪನ ದೋಣಿಯ ಹಿಂದಿನ ಗೂಟಕ್ಕೆ ಇನ್ನೊಂದು. ನೆಂಟರು ನಗತೊಡಗಿದರು.

"ಯಾರಾರ ಕೇಳುದ್ರೆ," ಎಂದ ಚಿಕ್ಕಪ್ಪ ಹುಟ್ಟು ಹಿಡಿದು, "ಅಂಸ ಓಯ್ತಾ ಅದೆ ಸಾ, ಒಬ್ಬುಂಟಿ ಓಗಾಕೆ ಎದ್ರುಕೊಳ್ತದೆ, ನಾವು ಜೊತೇಲಿ ಬಂದೊ, ಅನ್ನವ್ವ. ನೀನ್ ಓದಿರೋಳು, ಚೆಂದಾಗ್ ಏಳ್ತೀಯ."

ಅವ್ವ ಬಂದು ಹತ್ತಿದಳು. ಅಜ್ಜಿಯೂ ತಿಥಿ ಊಟಕ್ಕೆ ಬಂದಿದ್ದಳು, ಆಚೆ ಹೋಗಬೇಕಿತ್ತು. ಅವಳ ಜಾಗ ಹಿಂದಿನ ತುದಿ, ಅಲ್ಲಿ ಈಗ ಹಗ್ಗ. ನಾನು ಅಲ್ಲಿ ಕೂತೆ, ಅಜ್ಜಿ ಮೊದಲ ಸಲ ಮಧ್ಯದಲ್ಲಿ ಕೂತಳು. ನನ್ನ ಮಡಿಲಲ್ಲಿ ಚೀಲವಿತ್ತು, ಅದರಲ್ಲಿ ತಿದ್ದುಪಡಿಯ ಅರ್ಜಿ. ಅವತ್ತಿನಿಂದ ಇವತ್ತಿನವರೆಗೆ ಪ್ರತಿ ಮೀಟಿಂಗಿಗೂ ಅದನ್ನು ಹೊಸದಾಗಿ ಬರೆದು ಒಯ್ಯುತ್ತಿದ್ದೇನೆ. ಪ್ರತಿ ಸಲವೂ ಟೀ ಕೊಡುತ್ತಾರೆ.

"ನಗವ್ವ," ಎಂದಳು ಅಜ್ಜಿ ನನ್ನ ಕಡೆ ತಿರುಗಿ. "ಅವತ್ತು ಫೋಟಾದಲ್ಲಿ ಎಷ್ಟ್ ಚೆಂದಾಗಿ ನಗ್ತಿದ್ದೆ."

ಚಿಕ್ಕಪ್ಪ ಹುಟ್ಟು ಹಾಕಿದಾಗಲೆಲ್ಲ ದೋಣಿ ಮುಂದಕ್ಕೆ ಜಿಗಿಯುತ್ತಿತ್ತು, ಅರೆಕ್ಷಣ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಹಂಸ ಹಿಂದಿನಿಂದ ಬಂದು ಅಪ್ಪನ ದೋಣಿಗೆ ಕೊಕ್ಕು ಕುಟ್ಟುತ್ತಿತ್ತು. ಆಚೆ ದಡ ಮುಟ್ಟುವವರೆಗೂ ಪ್ರತಿ ಸಲ ನಾನು ಅದನ್ನು ಕಾಲಿನಿಂದ ಒದ್ದು ದೂಡುತ್ತಲೇ ಇದ್ದೆ.